ಫ್ರೀಡ್ರಿಕ್ ಚಿತ್ರಗಳಲ್ಲಿ ನಡುವಿನ ನೆಲ ಯಾಕಿಲ್ಲ? ಸಾವು, ಒಂಟಿತನ ಮತ್ತು ನಿಸರ್ಗಚಿತ್ರ

ಇದ್ದಿಲುಗೆರೆ

ಜರ್ಮನಿಯ ಚಿತ್ರಕಾರ ಕಾಸ್ಪರ್ ಡೇವಿಡ್ ಫ್ರೀಡ್ರಿಕ್ ಬಗ್ಗೆ ಮಾತು ಬಂದಾಗಲೆಲ್ಲ ಒಂದೇ ಮಾತು ಕೇಳಿಸುತ್ತದೆ. "ಅಯ್ಯೋ, ಎಷ್ಟು ಬೇಜಾರಿನ ಚಿತ್ರಗಳು!" ಗೋರಿ, ಹಾಳುಬಿದ್ದ ಮಠ, ಬೋಳು ಮರ, ಮಂಜು, ನಮಗೆ ಬೆನ್ನು ಹಾಕಿ ನಿಂತ ಒಬ್ಬ ಮನುಷ್ಯ. ಇಷ್ಟನ್ನು ಎಣಿಸಿ "ಸಾವಿನ ಚಿತ್ರಕಾರ" ಅಂತ ಹೇಳಿ ಮುಗಿಸಿಬಿಡುತ್ತಾರೆ.

ಆದರೆ ಆ ಕಾಲದಲ್ಲಿ ಗೋರಿ, ಹಾಳುಮಠ ಬಿಡಿಸಿದವರು ಬೇಕಾದಷ್ಟು ಜನ ಇದ್ದರು. ಅವರ ಚಿತ್ರ ನೋಡಿ ನಾವು ಮುಂದೆ ಹೋಗುತ್ತೇವೆ. ಇವನ ಚಿತ್ರದ ಮುಂದೆ ಕಾಲು ಕದಲುವುದಿಲ್ಲ. ಯಾಕೆ?

ನನಗೆ ತೋಚಿದ್ದನ್ನು ಹೇಳುತ್ತೇನೆ. ಫ್ರೀಡ್ರಿಕ್ ಚಿತ್ರಗಳಲ್ಲಿ ನಡುವಿನ ನೆಲವೇ ಇರುವುದಿಲ್ಲ. ಅವನಿಗಿಂತ ಹಿಂದಿನ ನಿಸರ್ಗಚಿತ್ರಗಳನ್ನು ನೋಡಿ. 17ನೇ ಶತಮಾನದ ಚಿತ್ರಕಾರ ಕ್ಲಾಡ್ ಲೊರೇನ್‌ನ ಚಿತ್ರದಲ್ಲಿ ಹತ್ತಿರದಲ್ಲಿ ಒಂದು ದೊಡ್ಡ ಮರ ಇರುತ್ತದೆ. ಆಮೇಲೆ ದನ ಕಾಯುವವನು, ಹೊಳೆ, ಸೇತುವೆ, ಆಚೆ ಯಾವುದೋ ಊರು, ಕೊನೆಗೆ ನೀಲಿ ಬೆಟ್ಟ. ಕಣ್ಣು ಹೆಜ್ಜೆ ಹೆಜ್ಜೆಯಾಗಿ ನಡೆದುಕೊಂಡೇ ದೂರ ಹೋಗುತ್ತದೆ. ಫ್ರೀಡ್ರಿಕ್ ಆ ದಾರಿಯನ್ನು ಕಡಿದುಹಾಕುತ್ತಾನೆ. ಕಾಲ ಕೆಳಗೆ ಒಂದಿಷ್ಟು ಮರಳು, ಇಲ್ಲ ಒಂದು ಬಂಡೆ. ಅದು ಮುಗಿದ ಕೂಡಲೇ ದೂರ ಶುರು. ನಡುವೆ ಏನೂ ಇಲ್ಲ. ಇಲ್ಲಿಂದ ಅಲ್ಲಿಗೆ ನಡೆದು ಹೋಗಲು ಆಗುವುದಿಲ್ಲ.

ಬರ್ಲಿನ್‌ನಲ್ಲಿರುವ "ಕಡಲ ತೀರದ ಸನ್ಯಾಸಿ" ನೋಡಿ. 1808ರಿಂದ 1810ರ ನಡುವೆ ಬಿಡಿಸಿದ್ದು. ಸುಮಾರು 110 ಸೆಂಟಿಮೀಟರ್ ಎತ್ತರ, 171 ಸೆಂಟಿಮೀಟರ್ ಅಗಲ. ಕೆಳಗೆ ಬಿಳಿಚಿದ ಮರಳ ದಿಬ್ಬ, ಆಮೇಲೆ ಕಪ್ಪು ಕಡಲಿನ ಒಂದು ಪಟ್ಟಿ. ಮುಕ್ಕಾಲು ಪಾಲಿಗೂ ಜಾಸ್ತಿ ಬರೀ ಆಕಾಶ. ಅಷ್ಟಗಲದ ಕ್ಯಾನ್ವಾಸಿನಲ್ಲಿ ಮೇಲಕ್ಕೆ ಎದ್ದು ನಿಂತಿರುವುದು ಒಂದೇ ಒಂದು ಸಣ್ಣ ಆಕೃತಿ. ಆ ಸನ್ಯಾಸಿ.

ಒಂದು ವಿಷಯ ನನಗೆ ಬಹಳ ಮುಖ್ಯ. ಆ ಕಡಲಿನಲ್ಲಿ ಮೊದಲು ಹಡಗುಗಳಿದ್ದವು. ಚಿತ್ರವನ್ನು ಬಣ್ಣದ ಅಡಿಯಲ್ಲಿರುವುದನ್ನು ತೋರಿಸುವ ಇನ್‌ಫ್ರಾರೆಡ್‌ನಲ್ಲಿ ನೋಡಿದಾಗ ಅವು ಕಾಣುತ್ತವೆ. ಫ್ರೀಡ್ರಿಕ್ ಅವನ್ನು ತಾನೇ ಅಳಿಸಿಹಾಕಿದ. ಹಡಗು ಇದ್ದಿದ್ದರೆ ಕಣ್ಣಿಗೆ ಹತ್ತಿ ಕೂರಲು ಒಂದು ಜಾಗ ಸಿಗುತ್ತಿತ್ತು. ಅದನ್ನೂ ಕಿತ್ತುಕೊಂಡ. ಸಾವು ಈ ಚಿತ್ರದಲ್ಲಿ ಎಲ್ಲಿದೆ ಅಂದರೆ ನನ್ನ ಪ್ರಕಾರ ಅಲ್ಲಿದೆ, ಆ ಅಳಿಸಿದ ಹಡಗುಗಳ ಜಾಗದಲ್ಲಿ. ನಿಮಗೆಲ್ಲ ಏನನಿಸುತ್ತದೆ?

ಧಾರವಾಡದ ಮೇಷ್ಟ್ರು

ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ಆ ಮನುಷ್ಯನ ಬದುಕನ್ನು ಬಿಟ್ಟು ಬರೀ ನೆಲ, ಆಕಾಶ ಅಂತ ಮಾತಾಡಲು ಆಗುತ್ತದೆಯೇ? ಆತ ಹುಟ್ಟಿದ್ದು 1774ರಲ್ಲಿ, ಬಾಲ್ಟಿಕ್ ಕಡಲ ತೀರದ ಗ್ರೈಫ್ಸ್‌ವಾಲ್ಡ್ ಊರಿನಲ್ಲಿ. ಆಗ ಅದು ಸ್ವೀಡನ್ ಆಳ್ವಿಕೆಯಲ್ಲಿತ್ತು. ಅಪ್ಪ ಮೇಣದ ಬತ್ತಿ, ಸಾಬೂನು ಮಾಡುವವರು. 1781ರಲ್ಲಿ ತಾಯಿ ಹೋದರು. ಹುಡುಗನಿಗೆ ಇನ್ನೂ ಏಳು ತುಂಬಿರಲಿಲ್ಲ. ಮರುವರ್ಷ ಒಬ್ಬ ಸಹೋದರಿ. 1787ರಲ್ಲಿ ತಮ್ಮ ನೀರಿನಲ್ಲಿ ಮುಳುಗಿ ಸತ್ತ. ಕಾಸ್ಪರ್‌ನನ್ನು ಉಳಿಸಲು ಹೋಗಿಯೇ ಸತ್ತ ಎಂಬ ಮಾತಿದೆ. 1791ರಲ್ಲಿ ಇನ್ನೊಬ್ಬ ಸಹೋದರಿ ಟೈಫಸ್ ಜ್ವರದಿಂದ ಹೋದಳು.

ಹದಿಮೂರು ವರ್ಷದ ಹುಡುಗ ತಮ್ಮನ ಸಾವನ್ನು ಕಣ್ಣಾರೆ ಕಂಡಿದ್ದರೆ, ಆಮೇಲೆ ಜೀವನಪೂರ್ತಿ ನೀರು, ಹಿಮ, ಗೋರಿ ಬಿಡಿಸಿದ್ದರಲ್ಲಿ ಆಶ್ಚರ್ಯ ಏನಿದೆ?

ಇದ್ದಿಲುಗೆರೆ

ಮೇಷ್ಟ್ರೇ, ಆ ನೋವನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಆ ಕಾಲದಲ್ಲಿ ತಾಯಿ, ಒಡಹುಟ್ಟಿದವರನ್ನು ಕಳೆದುಕೊಳ್ಳದ ಮನೆ ಯಾವುದಿತ್ತು ಹೇಳಿ? ಅಂಥ ಮನೆಗಳಿಂದ ಬಂದ ಸಾವಿರಾರು ಚಿತ್ರಕಾರರಲ್ಲಿ ಈ ಒಬ್ಬನೇ ಹೀಗೆ ಬಿಡಿಸಿದ. ತಮ್ಮ ಮುಳುಗಿದ್ದು ಆತ ನೀರನ್ನು ಯಾಕೆ ಬಿಡಿಸಿದ ಅಂತ ಹೇಳಬಹುದು. ನೀರಿನ ಮೇಲಿದ್ದ ಹಡಗನ್ನು ಯಾಕೆ ಅಳಿಸಿದ ಅಂತ ಹೇಳುವುದಿಲ್ಲ. ಅಳಿಸುವುದು ಕೈ ಮಾಡಿದ ಕೆಲಸ. ಕ್ಯಾನ್ವಾಸ್ ಮುಂದೆ ನಿಂತು, ಯೋಚಿಸಿ ಮಾಡಿದ ಕೆಲಸ. ಅದನ್ನು ಬಾಲ್ಯದ ಲೆಕ್ಕಕ್ಕೆ ಬರೆದರೆ ಚಿತ್ರಕಾರನಿಗೆ ಅನ್ಯಾಯ ಆಗುತ್ತದೆ.

ಹ್ಯಾಂಬರ್ಗ್ ಕನ್ನಡಿಗ

ನಾನು ಇರುವ ಊರಿನ ಕುನ್‌ಸ್ಟ್‌ಹಾಲೆ ಮ್ಯೂಸಿಯಂನಲ್ಲಿ "ಮಂಜಿನ ಕಡಲ ಮೇಲಿನ ಅಲೆಮಾರಿ" ಇದೆ. ಅದೇ, ಬಂಡೆಯ ಮೇಲೆ ಕೋಲು ಹಿಡಿದು ನಮಗೆ ಬೆನ್ನು ಹಾಕಿ ನಿಂತವನು. ಸುಮಾರು 1817ರ ಚಿತ್ರ. ಫೋಟೋಗಳಲ್ಲಿ ನೋಡಿದವರಿಗೆ ದೊಡ್ಡದು ಅನಿಸುತ್ತದೆ. ನಿಜದಲ್ಲಿ ಒಂದು ಮೀಟರ್ ಎತ್ತರ ಕೂಡ ಇಲ್ಲ.

ಇದ್ದಿಲುಗೆರೆ ಹೇಳಿದ್ದನ್ನು ಓದಿದ ಮೇಲೆ ಅದನ್ನು ಮತ್ತೆ ನೋಡಿದೆ. ನಿಜ. ಅವನ ಬಂಡೆ ಮುಗಿದ ಮೇಲೆ ನೆಲ ಇಲ್ಲ. ಮಂಜು. ಮಂಜಿನಿಂದ ಅಲ್ಲಲ್ಲಿ ಬಂಡೆಯ ತುದಿಗಳು ತಲೆ ಎತ್ತುತ್ತವೆ. ಅವು ಎಷ್ಟು ದೂರ ಇವೆ, ಎಷ್ಟು ಎತ್ತರ ಇವೆ, ಅಳೆಯಲು ಆಗುವುದಿಲ್ಲ. ಮತ್ತೊಂದು ವಿಷಯ. ಆ ಜಾಗ ಭೂಮಿಯ ಮೇಲೆ ಎಲ್ಲೂ ಹಾಗೇ ಇಲ್ಲ. ಡ್ರೆಸ್ಡೆನ್‌ನ ಆಚೆ, ಎಲ್ಬೆ ನದಿಯ ಮರಳುಗಲ್ಲಿನ ಬೆಟ್ಟಗಳಲ್ಲಿ ಆತ ಮಾಡಿದ ಬೇರೆ ಬೇರೆ ಸ್ಕೆಚ್‌ಗಳನ್ನು ಸೇರಿಸಿ ಕಟ್ಟಿದ ದೃಶ್ಯ ಅದು. ಕಾಲ ಕೆಳಗಿನ ಬಂಡೆ ಕೈಸರ್‌ಕ್ರೋನ ಎಂಬ ಗುಡ್ಡದ್ದು. ಹಿಂದಿನ ಬೆಟ್ಟಗಳು ಬೇರೆ ಕಡೆಯವು. ಅಂದರೆ ನಡುವಿನ ನೆಲವನ್ನು ಮಂಜು ತಾನಾಗಿ ಮುಚ್ಚಿದ್ದಲ್ಲ. ಆತ ಬೇಕೆಂದೇ ಮುಚ್ಚಿದ್ದು.

ಅಲ್ಲಿ ನಿಂತವನು ಯಾರು ಅಂತಲೂ ಚರ್ಚೆ ಇದೆ. ತೀರಿಕೊಂಡ ಒಬ್ಬ ಅರಣ್ಯಾಧಿಕಾರಿಯ ನೆನಪಿಗೆ ಬಿಡಿಸಿದ್ದು ಅಂತ ಕೆಲವರ ವಾದ. ಹಾಗಿದ್ದರೆ ನಾವು ನೋಡುತ್ತಿರುವುದು ಸತ್ತವನೊಬ್ಬನ ಬೆನ್ನು.

ಮಲೆನಾಡ ಮಳೆ

ನಾನು ಫೋಟೋಗ್ರಾಫರ್. ಕೊಡಚಾದ್ರಿ, ಮುಳ್ಳಯ್ಯನಗಿರಿ ಕಡೆ ಹೋದವರೆಲ್ಲ ಈಗ ಇದೇ ಭಂಗಿಯಲ್ಲಿ ಫೋಟೋ ತೆಗೆಸಿಕೊಳ್ಳುತ್ತಾರೆ. ಅಂಚಿನಲ್ಲಿ ನಿಂತು, ಬೆನ್ನು ತಿರುಗಿಸಿ, ಮುಂದೆ ಮೋಡ. ಈ ಚಿತ್ರದ ಹೆಸರೂ ಗೊತ್ತಿಲ್ಲದವರು ಇದನ್ನೇ ತೆಗೆಸಿಕೊಳ್ಳುತ್ತಾರೆ. ಆದರೆ ಆ ಫೋಟೋಗಳಲ್ಲಿ ಸಾವು ಇಲ್ಲ, ಒಂಟಿತನವೂ ಇಲ್ಲ. "ನಾನು ಇಲ್ಲಿಗೆ ಬಂದೆ" ಅನ್ನುವುದು ಮಾತ್ರ ಇದೆ. ಭಂಗಿ ಒಂದೇ ಆದರೂ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಇದ್ದಿಲುಗೆರೆ

ನೀವು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. ಫೋಟೋದಲ್ಲಿ ನಿಂತವರಿಗೆ ತಾವು ಕಾಣಬೇಕು. ಫ್ರೀಡ್ರಿಕ್‌ನ ಆಕೃತಿಗಳಿಗೆ ಕಾಣುವ ಆಸೆಯೇ ಇಲ್ಲ. ಮುಖ ಕೊಟ್ಟರೆ ನಾವು ಮುಖ ಓದುತ್ತೇವೆ. ಅವನಿಗೆ ದುಃಖ, ಅವಳಿಗೆ ಭಯ ಅಂತ ಹೇಳಿ ನಾವು ಪಾರಾಗುತ್ತೇವೆ. ಮುಖ ಇಲ್ಲದಿದ್ದಾಗ ಆ ಭಾವವನ್ನು ಹೊರುವವರು ನಾವೇ. ಅವನು ಎದುರಿಗಿರುವುದನ್ನು ನೋಡುತ್ತಿದ್ದಾನೆ, ನಾವು ಅವನ ಹಿಂದೆ ಸಾಲಿನಲ್ಲಿ ನಿಂತಿದ್ದೇವೆ. ಮುಂದಿನ ಸರದಿ ನಮ್ಮದು.

ಓದುಗಿ

ನಾನು ಚಿತ್ರಕಲೆ ಕಲಿತವಳಲ್ಲ. ಆದರೂ ಬರೆಯಬೇಕು ಅನಿಸಿತು.

ಹೋದ ವರ್ಷ ಅಪ್ಪ ತೀರಿಕೊಂಡರು. ಆಸ್ಪತ್ರೆಯಲ್ಲಿ ಕೊನೆಯ ಹೊತ್ತಿನಲ್ಲಿ ಎಲ್ಲರೂ ಇದ್ದೆವು. ಅಮ್ಮ, ಚಿಕ್ಕಪ್ಪ, ಅತ್ತೆ, ನಾವು ಮಕ್ಕಳು. ಅಷ್ಟು ಜನ ಮಂಚದ ಸುತ್ತ ನಿಂತಿದ್ದರೂ ಅಪ್ಪ ಒಬ್ಬರೇ ಹೋಗುತ್ತಿದ್ದಾರೆ ಅನ್ನುವುದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ನಾವು ಕೈ ಹಿಡಿದಿದ್ದೆವು. ಅವರಿರುವ ಕಡೆಗೆ ಹೋಗಲು ನಮಗೆ ಆಗುತ್ತಿರಲಿಲ್ಲ. ಆ ಅನುಭವವನ್ನು ಯಾರಿಗೂ ಹೇಳಲು ಆಗಿರಲಿಲ್ಲ. ಇಲ್ಲಿ "ನಡುವಿನ ನೆಲ ಇಲ್ಲ" ಅಂತ ಓದಿದಾಗ, ಇದೇ ಅದು ಅನಿಸಿತು.

ಆಮೇಲೆ ಹುಡುಕಿ "ಓಕ್ ತೋಪಿನ ಮಠ" ನೋಡಿದೆ. ಶವಪೆಟ್ಟಿಗೆ ಹೊತ್ತು ಸಾಗುವವರು ಅದರಲ್ಲಿ ಎಷ್ಟು ಸಣ್ಣಗೆ ಕಾಣುತ್ತಾರೆ! ಅದರ ಬಗ್ಗೆ ತಿಳಿದವರು ಹೇಳಿ. ಅದು ಬೇಜಾರಿನ ಚಿತ್ರ ಅಂತ ನನಗೆ ಅನಿಸಲಿಲ್ಲ. ಯಾರೋ ಸುಳ್ಳು ಸಮಾಧಾನ ಹೇಳದೆ ಪಕ್ಕದಲ್ಲಿ ಕೂತ ಹಾಗಿತ್ತು.

ಇದ್ದಿಲುಗೆರೆ

ಓದುಗಿ ಅವರೇ, ಬರೆದದ್ದಕ್ಕೆ ತುಂಬಾ ಧನ್ಯವಾದ. ಮಂಚದ ಬಳಿ ನೀವು ಕಂಡದ್ದನ್ನು ಹೇಳಲು ನನ್ನ ಹತ್ತಿರ ಇಷ್ಟು ಒಳ್ಳೆಯ ಮಾತು ಇರಲಿಲ್ಲ.

"ಓಕ್ ತೋಪಿನ ಮಠ" ಮತ್ತು "ಕಡಲ ತೀರದ ಸನ್ಯಾಸಿ" ಜೋಡಿ ಚಿತ್ರಗಳು. ಅಳತೆಯೂ ಹೆಚ್ಚುಕಡಿಮೆ ಒಂದೇ. 1810ರಲ್ಲಿ ಬರ್ಲಿನ್ ಅಕಾಡೆಮಿಯ ಪ್ರದರ್ಶನದಲ್ಲಿ ಒಟ್ಟಿಗೆ ಇಟ್ಟಿದ್ದರು. ಪ್ರಶ್ಯಾದ ದೊರೆ ಮೂರನೇ ಫ್ರೀಡ್ರಿಕ್ ವಿಲ್ಹೆಲ್ಮ್ ಎರಡನ್ನೂ ಕೊಂಡ. ಕೊಳ್ಳಿರಿ ಅಂತ ಹಟ ಹಿಡಿದದ್ದು ಹದಿನೈದು ವರ್ಷದ ಯುವರಾಜ. ಆ ವಯಸ್ಸಿನ ಹುಡುಗನಿಗೆ ಈ ಚಿತ್ರಗಳು ಬೇಕು ಅನಿಸಿದ್ದು ನನಗೆ ಇವತ್ತಿಗೂ ಸೋಜಿಗ.

ಮಠದ ಚಿತ್ರದಲ್ಲಿರುವುದು ಗ್ರೈಫ್ಸ್‌ವಾಲ್ಡ್ ಹತ್ತಿರದ ಎಲ್ಡೆನಾ ಮಠದ ಹಾಳು ಗೋಡೆ. ಫ್ರೀಡ್ರಿಕ್ ಚಿಕ್ಕಂದಿನಿಂದ ಕಂಡ ಜಾಗ. ಉಳಿದಿರುವುದು ಒಂದು ಗೋಡೆ, ಅದರಲ್ಲಿ ಎತ್ತರದ ಒಂದು ಕಿಟಕಿ, ಕೆಳಗೆ ಬಾಗಿಲು. ಸುತ್ತ ಎಲೆ ಉದುರಿದ ಓಕ್ ಮರಗಳು, ಹಿಮ. ಸನ್ಯಾಸಿಗಳ ಸಾಲು ಶವಪೆಟ್ಟಿಗೆ ಹೊತ್ತು ಆ ಬಾಗಿಲ ಕಡೆಗೆ ಹೋಗುತ್ತಿದೆ. ಮುಂದೆ ಹಿಮದಲ್ಲಿ ಒಂದು ಗುಂಡಿ ತೋಡಿದೆ, ತೆರೆದೇ ಇದೆ. ಅವರು ಆ ಗುಂಡಿಯನ್ನು ದಾಟಿ ಹೋಗುತ್ತಿದ್ದಾರೆ. ಪೆಟ್ಟಿಗೆಯಲ್ಲಿರುವುದು ಪಕ್ಕದ ಚಿತ್ರದ ಸನ್ಯಾಸಿಯೇ ಅಂತ ಓದುವವರಿದ್ದಾರೆ. ಮೊದಲ ಚಿತ್ರದಲ್ಲಿ ಕಡಲ ಮುಂದೆ ನಿಂತು ಯೋಚಿಸಿದವನು, ಎರಡನೆಯದರಲ್ಲಿ ಅದೇ ದಾರಿಯಲ್ಲಿ ಹೋದ.

ಚಿತ್ರದ ಕೆಳ ಅರ್ಧ ಪೂರ್ತಿ ಕತ್ತಲು, ಮೇಲಿನ ಅರ್ಧದಲ್ಲಿ ಬೆಳಕು. ನಡುವೆ ಮೆಟ್ಟಿಲಿಲ್ಲ.

ತೈಲವರ್ಣ

ಇಲ್ಲಿ ನಾನು ಸ್ವಲ್ಪ ಜಗಳ ಆಡಬೇಕು. ಎಲ್ಲರೂ ಸಾವು, ಶೂನ್ಯ, ದಾರಿ ಇಲ್ಲ ಅಂತ ಬರೆಯುತ್ತಿದ್ದೀರಿ. ಫ್ರೀಡ್ರಿಕ್ ಗಟ್ಟಿಯಾದ ಲೂಥರನ್ ಕ್ರೈಸ್ತ. ಆತನ ಚಿತ್ರದಲ್ಲಿ ಮೇಲಿನ ಬೆಳಕು ಸುಮ್ನೆ ಬಂದದ್ದಲ್ಲ. 1808ರಲ್ಲಿ ಬಿಡಿಸಿದ "ಬೆಟ್ಟದ ಮೇಲಿನ ಶಿಲುಬೆ" ಚಿತ್ರಕ್ಕೆ ಆತನೇ ವಿವರಣೆ ಕೊಟ್ಟಿದ್ದಾನೆ. ಬಂಡೆ ಅಂದರೆ ನಂಬಿಕೆ, ಸುತ್ತಲಿನ ನಿತ್ಯಹಸಿರು ಮರಗಳು ಭರವಸೆ. ಆಗ ರಾಮ್‌ಡೋರ್ ಎಂಬ ವಿಮರ್ಶಕ, ನಿಸರ್ಗಚಿತ್ರವನ್ನು ಪೂಜೆಯ ಪೀಠಕ್ಕೆ ಏರಿಸುತ್ತೀಯಾ ಅಂತ ರೇಗಿದ್ದ. ಅದು ದೊಡ್ಡ ವಾಗ್ವಾದವಾಯಿತು.

ಇನ್ನೂ ಒಂದು ಮಾತು. ಯಾಕೆ ಯಾವಾಗಲೂ ಸಾವು, ಗೋರಿ ಬಿಡಿಸುತ್ತೀಯ ಅಂತ ಜನ ಆತನನ್ನೇ ಕೇಳುತ್ತಿದ್ದರು. ಆತ ಪದ್ಯದಲ್ಲಿ ಉತ್ತರ ಬರೆದ. ಮುಂದೊಂದು ದಿನ ಶಾಶ್ವತವಾಗಿ ಬದುಕಬೇಕಾದರೆ ಈಗ ಮತ್ತೆ ಮತ್ತೆ ಸಾವಿಗೆ ಒಪ್ಪಿಸಿಕೊಳ್ಳಬೇಕು ಅನ್ನುವುದು ಅದರ ಸಾರ. ಇದು ಶೂನ್ಯದಲ್ಲಿ ನಿಂತವನ ಮಾತಲ್ಲ. ಆಚೆ ದಡ ಇದೆ ಅಂತ ಖಚಿತವಾಗಿ ನಂಬಿದವನ ಮಾತು. ನಾವು ಇವತ್ತಿನ ನಮ್ಮ ಒಂಟಿತನವನ್ನು ಅವನ ಮೇಲೆ ಹೇರುತ್ತಿದ್ದೇವೆ.

ಧಾರವಾಡದ ಮೇಷ್ಟ್ರು

ತೈಲವರ್ಣ ಅವರ ಮಾತಿಗೆ ನನ್ನ ಸಹಮತ ಇದೆ. ನಂಬಿಕೆಯನ್ನು ತೆಗೆದುಹಾಕಿ ಫ್ರೀಡ್ರಿಕ್‌ನನ್ನು ನೋಡಿದರೆ ಉಳಿಯುವುದು ಬರೀ ಮಂಜು.

ಇದ್ದಿಲುಗೆರೆ

ದಡ ಇದೆ ಅಂತ ಆತ ನಂಬಿದ್ದ. ಖಂಡಿತ. ಅದಕ್ಕೇ ದೂರವನ್ನು ಅಷ್ಟು ಬೆಳಗಿಸಿದ. ಆದರೆ ದಡಕ್ಕೆ ಸೇತುವೆ ಕಟ್ಟಲಿಲ್ಲ. ನಂಬಿಕೆ ಇದ್ದೂ ಸೇತುವೆ ಕಟ್ಟದೆ ಇರುವುದು ಬಹಳ ಪ್ರಾಮಾಣಿಕ ಕೆಲಸ ಅಂತ ನನಗೆ ಅನಿಸುತ್ತದೆ. ಭಕ್ತಿಯ ಚಿತ್ರಗಳಲ್ಲಿ ಸಾಮಾನ್ಯವಾಗಿ ದೇವದೂತರು ಬಂದು ಕೈ ಹಿಡಿದು ಕರೆದುಕೊಂಡು ಹೋಗುತ್ತಾರೆ. ಇಲ್ಲಿ ಯಾರೂ ಬರುವುದಿಲ್ಲ.

ಆ ಕಾಲದ ನೋಡುಗರಿಗೂ ಇದು ತಡೆಯಲಾಗಲಿಲ್ಲ ಅನ್ನುವುದಕ್ಕೆ ಸಾಕ್ಷಿ ಇದೆ. 1809ರಲ್ಲಿ ಮರೀ ಹೆಲೇನ ಫಾನ್ ಕ್ಯೂಗೆಲ್ಗೆನ್ ಎಂಬ ಮಹಿಳೆ ಫ್ರೀಡ್ರಿಕ್‌ನ ಕೆಲಸದ ಕೋಣೆಯಲ್ಲಿ ಸನ್ಯಾಸಿಯ ಚಿತ್ರ ನೋಡಿದರು. ಆಕೆಯ ಗಂಡ ಗೆರ್ಹಾರ್ಡ್ ಕೂಡ ಚಿತ್ರಕಾರ, ಫ್ರೀಡ್ರಿಕ್‌ನ ಗೆಳೆಯ. ಆಕೆ ಪತ್ರದಲ್ಲಿ ಗೋಳಾಡಿದ್ದಾರೆ. ಸೂರ್ಯ ಇಲ್ಲ, ಚಂದ್ರ ಇಲ್ಲ, ಬಿರುಗಾಳಿಯೂ ಇಲ್ಲ. ಬಿರುಗಾಳಿ ಇದ್ದಿದ್ದರೆ ಸಮಾಧಾನವಾಗಿರುತ್ತಿತ್ತು, ಎಲ್ಲಾದರೂ ಒಂದಿಷ್ಟು ಜೀವ, ಚಲನೆ ಕಾಣುತ್ತಿತ್ತು. ಕಡಲಿನಲ್ಲಿ ಒಂದು ದೋಣಿ ಇಲ್ಲ, ಮರಳಿನಲ್ಲಿ ಒಂದು ಹುಲ್ಲುಕಡ್ಡಿ ಇಲ್ಲ. ಹೀಗೆ.

ಮುಂದೆ 1820ರಲ್ಲಿ ಅದೇ ಗೆರ್ಹಾರ್ಡ್ ಕ್ಯೂಗೆಲ್ಗೆನ್ ಡ್ರೆಸ್ಡೆನ್‌ಗೆ ನಡೆದು ಬರುವಾಗ ದಾರಿಯಲ್ಲಿ ದರೋಡೆಗಾರನ ಕೈಯಲ್ಲಿ ಕೊಲೆಯಾದರು. ಗೆಳೆಯನ ಗೋರಿಯನ್ನು ಫ್ರೀಡ್ರಿಕ್ ಬಿಡಿಸಿದ. ಬಿರುಗಾಳಿಯಾದರೂ ಇರಲಿ ಅಂದಿದ್ದ ಆ ಹೆಂಗಸಿನ ಬದುಕಿಗೆ ಅದು ಹೀಗೆ ಬಂತು. ಆ ಪತ್ರವನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಂದು ಸಾಕ್ಷಿ ಜರ್ಮನ್ ಸಾಹಿತಿ ಕ್ಲೈಸ್ಟ್ ಬರೆದದ್ದು. 1810ರ ಪ್ರದರ್ಶನದ ಬಗ್ಗೆ ತನ್ನ ಪತ್ರಿಕೆಯಲ್ಲಿ ಆತ ಬರೆದ. ಈ ಚಿತ್ರದ ಮುಂದೆ ನಿಂತರೆ ಕಣ್ಣಿನ ರೆಪ್ಪೆಗಳನ್ನು ಕತ್ತರಿಸಿ ತೆಗೆದ ಹಾಗಾಗುತ್ತದೆ ಅಂತ. ಮರುವರ್ಷ ಕ್ಲೈಸ್ಟ್ ತನ್ನ ಜೀವ ತೆಗೆದುಕೊಂಡ. ಚಿತ್ರಕ್ಕೂ ಅದಕ್ಕೂ ಗಂಟು ಹಾಕಬೇಡಿ. ಆದರೆ ನಂಬಿಕೆಯ ಚಿತ್ರ ಅಂತ ಆರಾಮಾಗಿ ನೋಡಿ ಹೋಗುವ ಚಿತ್ರ ಇದು ಆಗ ಕೂಡ ಆಗಿರಲಿಲ್ಲ.

ಹ್ಯಾಂಬರ್ಗ್ ಕನ್ನಡಿಗ

ಬರ್ಲಿನ್‌ನ ಈ ಎರಡೂ ಚಿತ್ರಗಳನ್ನು ಕೆಲವು ವರ್ಷ ತೆಗೆದುಕೊಂಡು ದುರಸ್ತಿ ಮಾಡಿ 2016ರಲ್ಲಿ ಮತ್ತೆ ಜನರ ಮುಂದೆ ಇಟ್ಟರು. ಹಳದಿ ಹಿಡಿದ ವಾರ್ನಿಶ್ ತೆಗೆದ ಮೇಲೆ ಸನ್ಯಾಸಿಯ ಆಕಾಶ ಎಷ್ಟೋ ತಿಳಿಯಾಗಿದೆ. ಹಳೆಯ ಪುಸ್ತಕಗಳ ಫೋಟೋದಲ್ಲಿ ಮಂಕಾಗಿ, ಕೊಳೆಯಾಗಿ ಕಾಣುತ್ತಿದ್ದ ಜಾಗಗಳಲ್ಲಿ ಈಗ ನೀಲಿ ಇದೆ. "ಬೇಜಾರಿನ ಚಿತ್ರ" ಅನ್ನುವ ಮಾತಿಗೆ ಆ ವಾರ್ನಿಶ್ ಕೂಡ ಸ್ವಲ್ಪ ಕಾರಣ ಇರಬಹುದು.

ತೈಲವರ್ಣ

ಇದು ಕೆಲಸ ಮಾಡುವವರಿಗೆ ಉಪಯೋಗದ ಮಾತು. ಫ್ರೀಡ್ರಿಕ್ ಬಣ್ಣವನ್ನು ದಪ್ಪಗೆ ಮೆತ್ತುವುದಿಲ್ಲ. ಮೊದಲು ಪೆನ್ಸಿಲ್, ಶಾಯಿಯಲ್ಲಿ ಖಚಿತವಾಗಿ ಗೆರೆ ಹಾಕುತ್ತಾನೆ. ಅದರ ಮೇಲೆ ತೆಳುವಾದ ಪದರ, ಮೇಲೆ ಇನ್ನೊಂದು ತೆಳು ಪದರ. ಕೈಯ ಗುರುತೇ ಉಳಿಯುವುದಿಲ್ಲ. ನಾನು ಹಾಗೆ ಒಂದು ಆಕಾಶ ಮಾಡಲು ಹೊರಟಿದ್ದೆ. ದಪ್ಪ ಬಣ್ಣದಲ್ಲಿ ಬ್ರಷ್ ಆಡಿಸಿದರೆ ಅಲ್ಲಿ ಒಬ್ಬ ಮನುಷ್ಯ ಕೆಲಸ ಮಾಡಿದ್ದು ಕಾಣುತ್ತದೆ, ನೋಡುವವರಿಗೆ ಅವನ ಜೊತೆ ಸಿಗುತ್ತದೆ. ತೆಳು ಪದರದಲ್ಲಿ ಆ ಜೊತೆಯೂ ಇಲ್ಲ. ಒಂಟಿತನ ಬಣ್ಣದಲ್ಲೇ ಇದೆ.

ಆತನ ಕೆಲಸದ ಕೋಣೆಯನ್ನು ಗೆಳೆಯ ಕೆರ್ಸ್ಟಿಂಗ್ ಬಿಡಿಸಿದ್ದಾನೆ. 1811ರ ಚಿತ್ರ ಹ್ಯಾಂಬರ್ಗ್‌ನಲ್ಲೇ ಇದೆ ಅಲ್ವಾ? ಕೋಣೆಯಲ್ಲಿ ಏನೂ ಇಲ್ಲ. ಬೋಳು ಗೋಡೆ, ಈಸೆಲ್, ಒಂದು ಕುರ್ಚಿ, ತೂಗುಹಾಕಿದ ಪ್ಯಾಲೆಟ್, ಅಳತೆಪಟ್ಟಿ. ಕಿಟಕಿಯ ಕೆಳಭಾಗವನ್ನೂ ಮುಚ್ಚಿಬಿಟ್ಟಿದ್ದಾನೆ, ಬೆಳಕು ಮೇಲಿನಿಂದ ಮಾತ್ರ.

ಹ್ಯಾಂಬರ್ಗ್ ಕನ್ನಡಿಗ

ಹೌದು, ಇಲ್ಲೇ ಇದೆ.

ಮಲೆನಾಡ ಮಳೆ

ಹಾಗಾದರೆ ಆತ ಒಂಟಿಯಾಗಿಯೇ ಬದುಕಿದನಾ? ಮದುವೆ, ಮಕ್ಕಳು?

ಇದ್ದಿಲುಗೆರೆ

1818ರಲ್ಲಿ ಕರೊಲೀನ್ ಬೊಮ್ಮರ್ ಎಂಬವರನ್ನು ಮದುವೆಯಾದ. ವಯಸ್ಸು 43. ಮೂವರು ಮಕ್ಕಳು. 1823ರಿಂದ ನಾರ್ವೆಯ ಚಿತ್ರಕಾರ ಯೊಹಾನ್ ಕ್ರಿಸ್ಟಿಯನ್ ಡಾಲ್ ಕುಟುಂಬವೂ ಅದೇ ಮನೆಯಲ್ಲಿತ್ತು. ಜನರಿಂದ ದೂರ ಓಡಿದವನಲ್ಲ. ಆದರೆ ನಿಸರ್ಗದ ಹತ್ತಿರ ಹೋಗುವಾಗ ಮಾತ್ರ ಜೊತೆ ಬೇಡ ಅನ್ನುತ್ತಿದ್ದ. ರಷ್ಯಾದ ಕವಿ ಜುಕೋವ್‌ಸ್ಕಿ ಆತನ ದೊಡ್ಡ ಅಭಿಮಾನಿ. 1821ರಲ್ಲಿ ಸ್ವಿಟ್ಜರ್ಲೆಂಡ್‌ಗೆ ಜೊತೆಯಾಗಿ ಹೋಗೋಣ ಅಂತ ಕರೆದಾಗ ಫ್ರೀಡ್ರಿಕ್ ಒಪ್ಪಲಿಲ್ಲ. ನಿಸರ್ಗವನ್ನು ಪೂರ್ತಿ ನೋಡಬೇಕಾದರೆ ನಾನು ಒಬ್ಬನೇ ಇರಬೇಕು, ಒಬ್ಬನೇ ಇದ್ದೇನೆ ಅನ್ನುವುದು ನನಗೆ ಗೊತ್ತಿರಬೇಕು ಅಂದ.

ಆ ಮಾತುಕತೆಯಲ್ಲೇ ಇನ್ನೊಂದು ಸಂಗತಿ ಬರುತ್ತದೆ. ಅದನ್ನು ಯಾರೂ ಜಾಸ್ತಿ ಹೇಳುವುದಿಲ್ಲ. ಹಿಂದೊಮ್ಮೆ ಉಟ್ಟೆವಾಲ್ಡರ್ ಎಂಬ ಬಂಡೆಗಳ ಕಣಿವೆಯಲ್ಲಿ ಫ್ರೀಡ್ರಿಕ್ ಒಂದು ವಾರ ಒಬ್ಬನೇ ಇದ್ದ. ಬಂಡೆ ಮತ್ತು ಫರ್ ಮರಗಳ ನಡುವೆ. ಅಷ್ಟೂ ದಿನ ಒಬ್ಬ ಮನುಷ್ಯನ ಮುಖ ಕಾಣಲಿಲ್ಲ. ಆದರೆ ಅದನ್ನು ಬೇರೆ ಯಾರಿಗೂ ಹೇಳಿಕೊಡುವುದಿಲ್ಲ, ನನಗೇ ಅದು ಜಾಸ್ತಿಯಾಯಿತು, ತಾನಾಗಿಯೇ ಮನಸ್ಸಿಗೆ ಕತ್ತಲು ಹತ್ತಿಕೊಳ್ಳುತ್ತದೆ ಅಂತ ಹೇಳಿದ.

ನನಗೆ ಈ ಮಾತು ಆತನ ಎಲ್ಲ ದೊಡ್ಡ ಮಾತುಗಳಿಗಿಂತ ಪ್ರಿಯ. ಒಂಟಿತನವನ್ನು ಹಾಡಿ ಹೊಗಳಿದವನಲ್ಲ. ಅದರ ಬೆಲೆ ಎಷ್ಟು ಅಂತ ಗೊತ್ತಿದ್ದವನು.

ಧಾರವಾಡದ ಮೇಷ್ಟ್ರು

ಇದನ್ನು ಓದಿ ನಮ್ಮ ಕೆ. ವೆಂಕಟಪ್ಪನವರು ನೆನಪಾದರು. ಮೈಸೂರು ಸಂಸ್ಥಾನದ ಚಿತ್ರಕಾರ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಟ್ಯಾಗೋರ್ ಹತ್ತಿರ ಕಲಿತವರು. ಮದುವೆಯಾಗಲಿಲ್ಲ, ವೀಣೆ ಮತ್ತು ಚಿತ್ರ, ಅಷ್ಟೇ. ಊಟಿಯಲ್ಲಿ ಕೂತು ಬಿಡಿಸಿದ ಅವರ ಜಲವರ್ಣಗಳನ್ನು ಬೆಂಗಳೂರಿನ ವೆಂಕಟಪ್ಪ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿ ನೋಡಿದವರಿಗೆ ಆ ಮಂಜು ಗೊತ್ತಿರುತ್ತದೆ. ಅವರನ್ನು ಫ್ರೀಡ್ರಿಕ್ ಪಕ್ಕದಲ್ಲಿ ಇಡಬಹುದೇ?

ತೈಲವರ್ಣ

ಒಬ್ಬರೇ ಇದ್ದರು ಅನ್ನುವುದರಲ್ಲಿ ಇಡಬಹುದು. ಚಿತ್ರದಲ್ಲಿ ಇಡಬಾರದು ಅಂತ ನನ್ನ ಅಭಿಪ್ರಾಯ. ವೆಂಕಟಪ್ಪನವರ ಊಟಿಯ ಮಂಜು ಈಗಲೋ ಆಗಲೋ ಸರಿಯುತ್ತದೆ, ಕೆಳಗೆ ಹುಲ್ಲುಗಾವಲು ಇದೆ ಅಂತ ನಮಗೆ ಭರವಸೆ ಇರುತ್ತದೆ. ಅದು ಬೆಳಗಿನ ಹವೆಯನ್ನು ಪ್ರೀತಿಯಿಂದ ಗಮನಿಸಿದ ಕಣ್ಣು. ಅಲ್ಲಿ ಸಾವನ್ನು ಹುಡುಕಿದರೆ ಅವರಿಗೆ ಒಗ್ಗದ ಅಂಗಿ ತೊಡಿಸಿದ ಹಾಗೆ.

ಓದುಗಿ

ನನಗೊಂದು ಸಂಶಯ. "ಬದುಕಿನ ಹಂತಗಳು" ಅಂತ ಒಂದು ಚಿತ್ರ ಸಿಕ್ಕಿತು. ದಡದಲ್ಲಿ ಐದು ಜನ, ನೀರಿನಲ್ಲಿ ಐದು ಹಡಗುಗಳು. ಅಲ್ಲಿ ನಡುವೆ ಹಡಗುಗಳಿವೆಯಲ್ಲ? ಇದ್ದಿಲುಗೆರೆ ಅವರ ಮಾತು ಇಲ್ಲಿ ಹೇಗೆ ನಿಲ್ಲುತ್ತದೆ?

ಇದ್ದಿಲುಗೆರೆ

ನೀವು ಸರಿಯಾದ ಜಾಗವನ್ನೇ ಹಿಡಿದಿರಿ. ಆ ಚಿತ್ರ ಸುಮಾರು 1835ರದ್ದು, ಈಗ ಲೈಪ್ಜಿಗ್‌ನಲ್ಲಿದೆ. ಹೆಸರು ಆಮೇಲೆ ಬೇರೆಯವರು ಇಟ್ಟದ್ದು. ಆತನ ಹುಟ್ಟೂರಿನ ಕಡಲ ತೀರ. ನಮಗೆ ಬೆನ್ನು ಹಾಕಿ, ಕೋಲು ಹಿಡಿದು ನಿಂತ ಮುದುಕ ಫ್ರೀಡ್ರಿಕ್ ತಾನೇ ಅಂತ ಹೇಳುತ್ತಾರೆ. ಮುಂದೆ ಟೋಪಿ ಹಾಕಿದ ಗಂಡಸು, ಒಬ್ಬ ಹೆಂಗಸು, ಇಬ್ಬರು ಮಕ್ಕಳು. ಮಕ್ಕಳು ಹಿಡಿದಿರುವುದು ಸ್ವೀಡನ್ ಬಾವುಟ. ಆ ಊರು ಸ್ವೀಡನ್ ಕೈಬಿಟ್ಟು 20 ವರ್ಷ ಆಗಿತ್ತು ಆಗ.

ಸನ್ಯಾಸಿಯ ಚಿತ್ರದಲ್ಲಿ ಹಡಗನ್ನು ಅಳಿಸಿದ ಅದೇ ಕೈ ಇಲ್ಲಿ ಐದು ಹಡಗುಗಳನ್ನು ಬಿಡಿಸಿದೆ. ಒಂದೊಂದೂ ಒಂದೊಂದು ದೂರದಲ್ಲಿ. ಸಣ್ಣವು ದಡಕ್ಕೆ ಹತ್ತಿರ, ಒಂದು ನಡುವೆ ಬರುತ್ತಿದೆ, ಉಳಿದವು ದಿಗಂತದ ಹತ್ತಿರ ಮಸುಕಾಗಿವೆ. ನಡುವಿನ ಜಾಗ ಈಗ ತುಂಬಿದೆ, ಆದರೆ ಅದು ಇನ್ನೂ ನೆಲ ಅಲ್ಲ. ನೀರು. ಅದರ ಮೇಲೆ ನಡೆಯಲಾಗದು, ತೇಲಬಹುದು ಅಷ್ಟೇ. ವಯಸ್ಸಾದ ಮೇಲೆ ಆತನಿಗೆ ದೂರ ಕಾಣುವ ರೀತಿ ಬದಲಾಗಿರಬೇಕು. ಮೊದಲು ಒಬ್ಬನೇ ನಿಂತು ನೋಡಿದ್ದನ್ನು ಈಗ ಮನೆಯವರ ಜೊತೆ ನಿಂತು ನೋಡುತ್ತಾನೆ. ಆದರೂ ಮುದುಕ ಗುಂಪಿನಿಂದ ಕೆಲವು ಹೆಜ್ಜೆ ಈಚೆ ಇದ್ದಾನೆ. ಅವರು ಅವನ ಕಡೆ ಪೂರ್ತಿ ಸೇರಿಕೊಂಡಿಲ್ಲ, ಅವನೂ ಅವರಲ್ಲಿ ಕೂತಿಲ್ಲ. ನೀವು ಅಪ್ಪನ ಬಗ್ಗೆ ಬರೆದದ್ದನ್ನು ಓದಿದ ಮೇಲೆ ನನಗೆ ಆ ಕೆಲವು ಹೆಜ್ಜೆಗಳೇ ಕಾಣುತ್ತಿವೆ.

1835ರ ಜೂನ್‌ನಲ್ಲಿ ಆತನಿಗೆ ಪಾರ್ಶ್ವವಾಯು ಬಡಿಯಿತು. ಆಮೇಲೆ ತೈಲವರ್ಣ ಹೆಚ್ಚು ಆಗಲಿಲ್ಲ. ಕಾಗದದ ಮೇಲೆ ಸೆಪಿಯಾ ಎಂಬ ಕಂದು ಶಾಯಿಯಲ್ಲಿ ಗೋರಿ, ಶವಪೆಟ್ಟಿಗೆ, ಗೂಬೆ ಇಂಥವನ್ನು ಬಿಡಿಸಿದ. 1840ರ ಮೇ 7ರಂದು ಡ್ರೆಸ್ಡೆನ್‌ನಲ್ಲಿ ತೀರಿಕೊಂಡ.

ಹ್ಯಾಂಬರ್ಗ್ ಕನ್ನಡಿಗ

ಸಾಯುವ ಹೊತ್ತಿಗೆ ಜನ ಹೆಚ್ಚುಕಡಿಮೆ ಮರೆತಿದ್ದರು. ಇಲ್ಲಿನ "ಹಿಮದ ಕಡಲು" ಚಿತ್ರವನ್ನೇ ನೋಡಿ. 1823-24ರದ್ದು. ಎಲ್ಬೆ ನದಿಯಲ್ಲಿ ತೇಲಿಬಂದ ಹಿಮದ ಚಪ್ಪಡಿಗಳನ್ನು ಮೊದಲೇ ಬಿಡಿಸಿಟ್ಟುಕೊಂಡಿದ್ದ. ಅದನ್ನೇ ಬೆಟ್ಟದಷ್ಟು ದೊಡ್ಡದು ಮಾಡಿದ. ಹಡಗು ಎಲ್ಲಿದೆ ಅಂತ ಹುಡುಕಬೇಕು, ಬಲಗಡೆ ಹಿಮದ ಕೆಳಗೆ ನಜ್ಜುಗುಜ್ಜಾದ ಒಂದು ತುಂಡು. ಆತ ಬದುಕಿರುವವರೆಗೂ ಅದನ್ನು ಯಾರೂ ಕೊಳ್ಳಲಿಲ್ಲ. 1906ರಲ್ಲಿ ಬರ್ಲಿನ್‌ನಲ್ಲಿ ದೊಡ್ಡ ಪ್ರದರ್ಶನ ಆದ ಮೇಲೆಯೇ ಜನ ಮತ್ತೆ ಗಮನಿಸಿದ್ದು. ಮುಂದೆ ನಾಜಿಗಳು ಈತನನ್ನು ತಮ್ಮವನು ಅಂತ ಎತ್ತಿ ಮೆರೆಸಿದರು. ಆ ಕಳಂಕ ಕಳೆಯಲು ಮತ್ತೆ ಕೆಲವು ದಶಕ ಹಿಡಿಯಿತು.

ಚಿತ್ರಗಳೂ ಸತ್ತಿವೆ. 1931ರಲ್ಲಿ ಮ್ಯೂನಿಕ್‌ನ ಗಾಜಿನ ಅರಮನೆಗೆ ಬೆಂಕಿ ಬಿದ್ದಾಗ ಕೆಲವು ಹೋದವು. "ಹಿಮದಲ್ಲಿ ಮಠದ ಸ್ಮಶಾನ" ಎಂಬ ದೊಡ್ಡ ಚಿತ್ರ 1945ರಲ್ಲಿ ಬರ್ಲಿನ್‌ನಲ್ಲಿ ಸುಟ್ಟುಹೋಯಿತು. ಈಗ ಕಪ್ಪು ಬಿಳುಪು ಫೋಟೋ ಮಾತ್ರ ಇದೆ.

ಮಲೆನಾಡ ಮಳೆ

ಇಷ್ಟೆಲ್ಲ ಓದಿದ ಮೇಲೆ ಕೇಳಬೇಕು ಅನಿಸುತ್ತಿದೆ. ಫೋಟೋದಲ್ಲಿ ನಡುವಿನ ನೆಲವನ್ನು ತೆಗೆಯುವುದು ಸುಲಭ, ಟೆಲಿ ಲೆನ್ಸ್ ಹಾಕಿದರೆ ಸಾಕು. ಆದರೆ ಹಾಗೆ ತೆಗೆದಾಗ ದೂರ ಹತ್ತಿರ ಬಂದುಬಿಡುತ್ತದೆ. ಫ್ರೀಡ್ರಿಕ್‌ನಲ್ಲಿ ದೂರ ದೂರವೇ ಉಳಿಯುತ್ತದೆ. ಅದು ಹೇಗೆ?

ತೈಲವರ್ಣ

ಕಾಲ ಕೆಳಗಿನದನ್ನು ಅತಿ ಖಚಿತವಾಗಿ ಬಿಡಿಸುತ್ತಾನೆ. ಒಂದೊಂದು ಕಲ್ಲು, ಒಂದೊಂದು ಹುಲ್ಲೆಸಳು ಎಣಿಸಬಹುದು. ದೂರದ್ದಕ್ಕೆ ಅಂಚೇ ಇಲ್ಲ. ಎರಡರ ಬಣ್ಣದ ಗಾಢತೆಯಲ್ಲೂ ಅಷ್ಟೇ ದೊಡ್ಡ ಅಂತರ. ಒಂದು ಕತ್ತಲಿನದು, ಒಂದು ಬೆಳಕಿನದು. ನಿಮ್ಮ ಕ್ಯಾಮೆರಾದಲ್ಲಿ ಅಗಲದ ಲೆನ್ಸ್ ಹಾಕಿ, ನೆಲಕ್ಕೆ ಹತ್ತಿರ ಇಟ್ಟು, ಕಣಿವೆಯ ಅಂಚಿಗೆ ಹೋಗಿ ನೋಡಿ. ಮುಂಜಾನೆ ಹೋಗಿ. ಅಂಚು ಜೋಪಾನ.

ಓದುಗಿ

ಒಂದೇ ಚಿತ್ರವನ್ನು ನಿಜದಲ್ಲಿ ನೋಡುವ ಅವಕಾಶ ಸಿಕ್ಕರೆ ಯಾವುದನ್ನು ನೋಡಲಿ? ತಂಗಿ ಜರ್ಮನಿಯಲ್ಲಿ ಓದುತ್ತಿದ್ದಾಳೆ, ಬಾ ಅಂತ ಕರೆಯುತ್ತಿದ್ದಾಳೆ.

ಹ್ಯಾಂಬರ್ಗ್ ಕನ್ನಡಿಗ

ಹೋಗುವ ಮೊದಲು ಮ್ಯೂಸಿಯಂನವರನ್ನು ಕೇಳಿಕೊಳ್ಳಿ. ಹುಟ್ಟಿ 250 ವರ್ಷ ಆದ ಲೆಕ್ಕದಲ್ಲಿ 2024ರಲ್ಲಿ ಹ್ಯಾಂಬರ್ಗ್, ಬರ್ಲಿನ್, ಡ್ರೆಸ್ಡೆನ್ ಮೂರೂ ಕಡೆ ಪ್ರದರ್ಶನ ಆದವು, 2025ರಲ್ಲಿ ನ್ಯೂಯಾರ್ಕ್‌ನ ಮೆಟ್ ಮ್ಯೂಸಿಯಂನಲ್ಲೂ ಆಯಿತು. ಚಿತ್ರಗಳು ಆಗಾಗ ಬೇರೆ ಊರಿಗೆ ಹೋಗುತ್ತಿರುತ್ತವೆ. ಬರ್ಲಿನ್‌ನಲ್ಲಾದರೆ ಹಳೆಯ ನ್ಯಾಷನಲ್ ಗ್ಯಾಲರಿ, ಸನ್ಯಾಸಿ ಮತ್ತು ಮಠ ಎರಡೂ ಅಲ್ಲೇ.

ಇದ್ದಿಲುಗೆರೆ

ನನ್ನನ್ನು ಕೇಳಿದರೆ ಡ್ರೆಸ್ಡೆನ್‌ನ ಆಲ್ಬರ್ಟಿನುಮ್ ಮ್ಯೂಸಿಯಮ್‌ಗೆ ಹೋಗಿ "ಡ್ರೆಸ್ಡೆನ್‌ನ ದೊಡ್ಡ ಹುಲ್ಲುಗಾವಲು" ನೋಡಿ ಅನ್ನುತ್ತೇನೆ. 1832ರ ಚಿತ್ರ. ಅದರಲ್ಲಿ ಗೋರಿ ಇಲ್ಲ, ಬೆನ್ನು ಹಾಕಿದವರು ಇಲ್ಲ, ಮನುಷ್ಯರೇ ಇಲ್ಲ ಅನ್ನಬಹುದು. ಸಂಜೆ, ಎಲ್ಬೆ ನದಿ ಇಳಿದು ಕೆಸರಿನ ನಡುವೆ ನಿಂತ ನೀರು, ಒಂದು ಹಾಯಿದೋಣಿ. ಕೆಳಗೆ ನೆಲ ಭೂಮಿಯ ಹಾಗೇ ಬಾಗಿದೆ, ಮೇಲೆ ಆಕಾಶ ಎದುರು ದಿಕ್ಕಿಗೆ ಬಾಗಿದೆ. ನೋಡುವವರಿಗೆ ತಾವು ಎಲ್ಲಿ ನಿಂತಿದ್ದೇವೆ ಅಂತ ತಿಳಿಯುವುದಿಲ್ಲ. ಇಲ್ಲಿ ನಡುವಿನ ನೆಲ ಇದೆ. ಕಾಲ ಕೆಳಗಿನದೇ ಇಲ್ಲ. ತೈಲವರ್ಣ ಅವರು ಹೇಳಿದ ಆ ನಂಬಿಕೆ ಯಾವ ಚಿತ್ರದಲ್ಲಾದರೂ ನನ್ನನ್ನು ಮುಟ್ಟಿದ್ದರೆ ಅದು ಈ ಚಿತ್ರದಲ್ಲಿ. ಈ ಬಗ್ಗೆ ಅವರು ಏನು ಹೇಳುತ್ತಾರೆ ಅಂತ ಕೇಳಬೇಕು.

ತೈಲವರ್ಣ

ಆ ದೋಣಿ ನೀರಿನಲ್ಲಿ ಸಾಗುತ್ತಿದೆಯೋ, ಕೆಸರಿಗೆ ಸಿಕ್ಕಿಕೊಳ್ಳಲಿದೆಯೋ? ಓದುಗಿ ಅವರೇ, ಅದನ್ನು ನೋಡಿ ಬಂದು ಇಲ್ಲೇ ಬರೆಯಿರಿ. ನನ್ನ ವಾದ ಆಮೇಲೆ ಇಡುತ್ತೇನೆ.